ಅಜ್ಜಿ ಸೀರೆಗೆ ಯಾವ ಪೆನ್ನು?

ಬಟ್ಟೆ ಮೇಲೆ ಡಿಸೈನ್ ಗುರುತು ಹಾಕುವ ಸಾಮಾನು ಅಂತ ಆನ್‌ಲೈನ್‌ನಲ್ಲಿ ಒಮ್ಮೆ ಹುಡುಕಿ ನೋಡಿ, ತಲೆ ತಿರುಗುವಷ್ಟು ಸಿಗುತ್ತವೆ. ನೀರಿಗೆ ಅಳಿಸುವ ನೀಲಿ ಪೆನ್ನು, ಗಾಳಿಗೆ ಮಾಯವಾಗುವ ನೇರಳೆ ಪೆನ್ನು, ಇಸ್ತ್ರಿ ಬಿಸಿಗೆ ಹೋಗುವ ಪೆನ್ನು, ಚಾಕ್, ಪೆನ್ಸಿಲ್... ಎಲ್ಲದರ ಕೆಳಗೂ ಐದೈದು ಸ್ಟಾರ್! ಅಂಗಡಿಯಿಂದ ತಂದ ಹೊಸ ಬಟ್ಟೆಯಾಗಿದ್ದರೆ ಯಾವುದೋ ಒಂದನ್ನು ಆರ್ಡರ್ ಮಾಡಿ ಸುಮ್ಮನಾಗುತ್ತಿದ್ದೆ. ಆದರೆ ನನ್ನ ಮುಂದೆ ಇದ್ದದ್ದು ಅಜ್ಜಿಯ ಮೂರು ಸೀರೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಬ್ಯಾಕಪ್ ಇಲ್ಲದ ಡೇಟಾ.

ಅಜ್ಜಿ ಹೋದ ವರ್ಷ ತೀರಿಕೊಂಡಳು. ಉಳಿದದ್ದು ಎರಡು ಇಳಕಲ್, ಒಂದು ಮಾಸಲು ಬಿಳಿಯ ಹತ್ತಿ ಸೀರೆ. ಅಕ್ಕ ಇರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ, ಡಿಸೆಂಬರ್ ಕೊನೆಗೆ ಹೆರಿಗೆ. ಬಾಣಂತನಕ್ಕೆ ಅವ್ವ ಹೊರಟಿದ್ದಾಳೆ. ಕೂಸಿಗೆ ಅಜ್ಜಿ ಸೀರೆಯದೇ ಕೌದಿ ಬೇಕು, ಅದರ ನಡುವೆ ಅಜ್ಜಿ ಹಬ್ಬಕ್ಕೆ ಬಾಗಿಲ ಮುಂದೆ ಬಿಡಿಸುತ್ತಿದ್ದ ರಂಗೋಲಿಯ ನವಿಲು ಬೇಕು ಅಂತ ಅಕ್ಕನ ಹಟ. ಆ ನವಿಲಿನ ಒಂದೇ ಒಂದು ಫೋಟೊ ಅವಳ ಹಳೇ ಫೋನಿನಲ್ಲಿತ್ತು.

ಅವ್ವನಿಗೆ ಈ ಪೆನ್ನಿನ ಗದ್ದಲವೇ ಅರ್ಥವಾಗಲಿಲ್ಲ. "ಏ ತಮ್ಮಾ, ಹಿಂದಿನ ಸಾಲು ಐತಲ್ಲ, ಅದನ್ನ ನೋಡ್ಕೋತ ಹೋದ್ರ ಆತು. ಗೆರಿ ಯಾಕ ಬೇಕು?" ಅಂದಳು. ಅವಳ ಮಾತು ಖರೆ. ನಮ್ಮ ಕಡೆ ಕೌದಿಗೆ ಯಾರೂ ಗೆರೆ ಎಳೆಯುವುದಿಲ್ಲ. ಅಂಚಿನಿಂದ ಶುರು, ಬೆರಳಷ್ಟು ಜಾಗ ಬಿಟ್ಟು ಇನ್ನೊಂದು ಸಾಲು, ಹೀಗೇ ಸುತ್ತುತ್ತಾ ನಡುವಿಗೆ ಬರುವುದು. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕವಂದಿಯೂ ಹೀಗೆಯೇ ಅಂಚಿನಿಂದ ಒಳಗೆ ಬರುತ್ತದೆ. ಅದರ ನಾಲ್ಕು ಮೂಲೆಗೆ ಕೂಡಿಸುವ 'ಫೂಲ' ಎಂಬ ತ್ರಿಕೋನದ ತುಂಡುಗಳು ನನಗೆ ಬಹಳ ಇಷ್ಟ. ಇನ್ನು ಕಸೂತಿಯಲ್ಲಂತೂ ಎಳೆ ಎಣಿಸಿ ಹಾಕಬೇಕು, ಪೆನ್ಸಿಲ್ ಮುಟ್ಟಿಸುವಂತಿಲ್ಲ. ಅಂದರೆ ಗುರುತು ಬೇಕಾಗಿದ್ದು ನವಿಲಿಗೆ ಮಾತ್ರ. ನವಿಲಿನ ಕುತ್ತಿಗೆ ಹಿಂದಿನ ಸಾಲು ನೋಡಿಕೊಂಡು ಬರುವುದಿಲ್ಲವಲ್ಲ.

ಮೊದಲು ತರಿಸಿದ್ದು ನೀಲಿ ಪೆನ್ನು. ತಣ್ಣೀರು ತಾಗಿದರೆ ಗೆರೆ ಹೋಗುತ್ತದೆ, ನೋಡೋಕೆ ಮಜಾ. ಆದರೆ ತೊಳೆಯುವ ಮೊದಲೇ ಇಸ್ತ್ರಿ ತಾಗಿದರೆ ಆ ಬಣ್ಣ ಬಟ್ಟೆಯಲ್ಲೇ ಕೂತುಬಿಡಬಹುದು. ಇನ್ನೊಂದು ತಕರಾರು ಕೌದಿಗೇ ಸೇರಿದ್ದು. ಒಳಗೆ ಮೂರು ನಾಲ್ಕು ಪದರ ಹಳೇ ಬಟ್ಟೆ ಇರುತ್ತದೆ. ಮೇಲೆ ಬರೇ ನೀರು ಚಿಮುಕಿಸಿದರೆ ಬಣ್ಣ ಒಳಗಿನ ಪದರಕ್ಕೆ ಇಳಿದು, ಒಣಗುವಾಗ ಮತ್ತೆ ಮೇಲೆ ಬರುತ್ತದೆ. ಪೂರ್ತಿ ನೆನೆಸಿ ಜಾಲಿಸಲೇಬೇಕು. ನೆನೆಸಿದರೆ ಇಳಕಲ್ ಸೆರಗಿನ ಕೆಂಪು ಏನು ಮಾಡುತ್ತದೋ? ಒದ್ದೆ ಬಿಳಿ ಕರವಸ್ತ್ರದಿಂದ ಸೆರಗಿನ ಮೂಲೆ ಉಜ್ಜಿ ನೋಡಿದೆ, ತಿಳಿ ಗುಲಾಬಿ. ಕೂಸಿನ ಹಾಸಿಗೆ ಹೇಗೂ ಪದೇ ಪದೇ ತೊಳೆಯುವಂಥದ್ದು ಅಂತ, ಕತ್ತರಿಸುವ ಮೊದಲೇ ಸೆರಗುಗಳನ್ನು ಬೇರೆ ಬಕೆಟ್‌ನಲ್ಲಿ ನೀರು ತಿಳಿಯಾಗುವವರೆಗೂ ತೊಳೆದೆವು. ನೀಲಿ ಪೆನ್ನು ಮಾತ್ರ ಡ್ರಾಯರ್ ಸೇರಿತು.

ನೇರಳೆ ಪೆನ್ನು ನಮ್ಮಂಥವರಿಗಲ್ಲ. ಕೆಲವೊಮ್ಮೆ ಗಂಟೆಗಳಲ್ಲೇ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ಗೆರೆ ಮಾಯ. ನಾನು ಹೊಲಿಯೋದು ರಾತ್ರಿ ಕಾಲ್ ಮುಗಿದ ಮೇಲೆ ಒಂದು ಗಂಟೆ, ಅದೂ ರಿಲೀಸ್ ಇಲ್ಲದ ವಾರ.

ಬಿಸಿಗೆ ಹೋಗುವ ಪೆನ್ನಿಗೆ ನಾನು ಮನಸೋತಿದ್ದೆ. ಸುಮಾರು 60 ಡಿಗ್ರಿ ಬಿಸಿಗೆ ಅದರ ಶಾಯಿ ಬಣ್ಣ ಕಳೆದುಕೊಳ್ಳುತ್ತದೆ. ಸಪೂರ ಗೆರೆ, ಒಮ್ಮೆ ಇಸ್ತ್ರಿ ಆಡಿಸಿದರೆ ಮುಗೀತು. ಆದರೆ 'ಕಳೆದುಕೊಳ್ಳುತ್ತದೆ' ಅನ್ನುವ ಮಾತಿನಲ್ಲೇ ಗುಟ್ಟಿದೆ. ಶಾಯಿ ಎಲ್ಲೂ ಹೋಗಿರುವುದಿಲ್ಲ, ಕಾಣದಂತೆ ಅಲ್ಲೇ ಕೂತಿರುತ್ತದೆ. ಚಳಿ ಮೈನಸ್ 10 ಡಿಗ್ರಿಗಿಂತ ಕೆಳಗೆ ಇಳಿದರೆ ಬಣ್ಣ ವಾಪಸ್. ಹಳೇ ಲಂಗದ ತುಂಡಿನ ಮೇಲೆ ಗೆರೆ ಎಳೆದು, ಇಸ್ತ್ರಿ ಮಾಡಿ, ರಾತ್ರಿ ಫ್ರೀಜರ್‌ನಲ್ಲಿಟ್ಟೆ. ಬೆಳಿಗ್ಗೆ ಅವ್ವ ಹಾಲಿಗೆ ಅಂತ ತೆಗೆದವಳು, "ಇದೇನೋ, ಅರಿವಿ ಯಾಕ ಇಟ್ಟಿ ಇದರಾಗ?" ಅಂತ ಹೊರಗೆ ಹಾಕಿದಳು. ಗೆರೆ ಮಸುಕಾಗಿ ಎದ್ದು ಬಂದಿತ್ತು. ಬೆಂಗಳೂರಿನಲ್ಲಿ ಇದೊಂದು ತಮಾಷೆ. ಮಿನಿಯಾಪೊಲಿಸ್‌ನ ಜನವರಿಯಲ್ಲಿ ಮೈನಸ್ 20 ಅಪರೂಪವೇನಲ್ಲ. ಕೌದಿ ಒಂದು ರಾತ್ರಿ ಕಾರಿನ ಡಿಕ್ಕಿಯಲ್ಲಿ ಉಳಿದರೆ ಸಾಕು, ನವಿಲಿನ ಸುತ್ತ ನನ್ನ ಪೆನ್ನಿನ ಗೆರೆಯೆಲ್ಲ ಹಾಜರ್.

ಜಪಾನಿನವರ 'ಹೇರಾ' ಅನ್ನುವ ಸಾಧನವೂ ಇದೆ. ಬಣ್ಣವೇ ಇಲ್ಲ, ಒತ್ತಿ ಎಳೆದರೆ ಮಡಿಕೆಯಂಥ ಗೆರೆ ಮೂಡುತ್ತದೆ. ಸ್ಟೀಲ್ ಚಮಚದ ಹಿಡಿಯಿಂದ ಪ್ರಯತ್ನಿಸಿದೆ. ವರ್ಷಗಟ್ಟಲೆ ಒಗೆದು ಬೆಣ್ಣೆಯಂತಾದ ಸೀರೆಯಲ್ಲಿ ಆ ಗೆರೆ ನಿಲ್ಲಲೇ ಇಲ್ಲ.

ದಾರಿ ಸಿಕ್ಕಿದ್ದು ನಮ್ಮ ಬೀದಿಯ ಆರಿ ವರ್ಕ್ ಅಂಗಡಿಯಲ್ಲಿ. ಬ್ಲೌಸ್ ಡಿಸೈನ್‌ಗೆ ಅವರು ಬಟರ್ ಪೇಪರ್ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಜಿಂಕ್ ಪುಡಿಯನ್ನು ಸೀಮೆಎಣ್ಣೆಯಲ್ಲಿ ಕಲಸಿ ಮೇಲೆ ಒರೆಸುತ್ತಾರೆ. ತೂತುಗಳಿಂದ ಇಳಿದು ಬಟ್ಟೆ ಮೇಲೆ ಚುಕ್ಕಿ ಚುಕ್ಕಿ ಮೂಡುತ್ತದೆ. ಕೂಸಿನ ಕೌದಿಗೆ ಸೀಮೆಎಣ್ಣೆ ವಾಸನೆ ಬೇಡ ಅಂತ ನಾನು ಬಿಳಿ ಚಾಕ್ ಪುಡಿಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಮೆಲ್ಲಗೆ ತಟ್ಟಿದೆ. ಬಣ್ಣದ ಚಾಕ್ ಕಲೆ ಉಳಿಸಬಹುದು, ಬಿಳಿಯದೇ ವಾಸಿ. ಅಕ್ಕನ ಫೋಟೊವನ್ನು ದೊಡ್ಡದು ಮಾಡಿ ಪ್ರಿಂಟ್ ತೆಗೆದು ಚುಚ್ಚಲು ಎರಡು ಭಾನುವಾರ ಬೇಕಾದವು. ಕಡು ನೀಲಿ ಇಳಕಲ್ ಮೇಲೆ ಅಜ್ಜಿಯ ನವಿಲು ಮತ್ತೆ ಬಿಳಿ ಚುಕ್ಕಿಗಳಲ್ಲಿ ಮೂಡಿದಾಗ ಅವ್ವ ಏನೂ ಮಾತಾಡಲಿಲ್ಲ. ಒಳಗೆ ಹೋಗಿ, ಸವೆದು ತೆಳ್ಳಗಾಗಿ ಒಣಗಿದ್ದ ಸೋಪಿನ ಚೂರೊಂದು ತಂದು ಕೊಟ್ಟಳು. "ಚುಕ್ಕಿ ಉದುರ್ತಾವ, ಇದರಿಂದ ಕೂಡಿಸು."

ಸೋಪಿನ ಗೆರೆಯನ್ನು ಸೀರೆಯ ಒಳತುದಿಯಲ್ಲಿ ಮೊದಲು ಎಳೆದು, ಒಂದು ವಾರ ಬಿಟ್ಟು ತೊಳೆದು ನೋಡಿಯೇ ಮುಂದುವರಿದೆ. ಒಂದು ಒಗೆತಕ್ಕೆ ಹೋಯಿತು. ಎಣ್ಣೆ ಅಂಶ ಹೆಚ್ಚಿರುವ, ಗಾಢ ಬಣ್ಣದ ಸೋಪು ಬೇಡ ಅಷ್ಟೇ. ಮಾಸಲು ಬಿಳಿ ಸೀರೆ ಮೇಲಾದರೆ ಇದು ಕಾಣುವುದೇ ಇಲ್ಲ. ಅಲ್ಲಿ ಅವ್ವನ ಸಾಲುಗಳಿವೆ, ಗುರುತಿನ ಹಂಗಿಲ್ಲ.

ಈಗ ದಿನಕ್ಕೊಂದು ಗರಿಗೆ ಮಾತ್ರ ಪುಡಿ ತಟ್ಟಿ, ಅದನ್ನು ಮುಗಿಸಿಯೇ ಮಲಗುತ್ತೇನೆ. ಇನ್ನೂ ಒಂಬತ್ತು ಗರಿ ಬಾಕಿ. ಅಂಚಿನಿಂದ ಹೊರಟ ಅವ್ವ ಆಗಲೇ ನವಿಲಿನ ಕಾಲಿನ ಹತ್ತಿರ ಬಂದಿದ್ದಾಳೆ. ಅವಳ ಟಿಕೆಟ್ ಡಿಸೆಂಬರ್ 10ಕ್ಕೆ.