ಹೆಸರುಗಳ ಬೆನ್ನು ಹತ್ತಿ

ಸೈಕಲ್ ಸ್ಪರ್ಧೆ ಎಂದೊಡನೆ ಬಾಗಿದ ಬೆನ್ನು, ಬಿರುಸಿನ ಕಾಲು, ಎಲ್ಲರಿಗೂ ಒಂದೇ ದಾರಿ ಎಂಬ ಚಿತ್ರ ಮನಸ್ಸಿಗೆ ಬರುತ್ತದೆ. ನಾವು ಸೇರಿದ್ದು ಅಂಥದ್ದಲ್ಲ. ಇಲ್ಲಿ ದಾರಿಯನ್ನು ಯಾರೂ ಗೊತ್ತುಮಾಡಿರುವುದಿಲ್ಲ. ಹೊರಡುವ ಗಳಿಗೆಯಲ್ಲಿ ಪ್ರತಿ ತಂಡದ ಕೈಗೂ ಒಂದು ಕಾಗದ ಬರುತ್ತದೆ. ಅದರಲ್ಲಿ ಹನ್ನೆರಡು ತಾಣಗಳ ಸುಳಿವು. ಮೊಬೈಲಿನ ನಕ್ಷೆಯನ್ನು ತೆರೆಯುವಂತಿಲ್ಲ, ದಾರಿಹೋಕರನ್ನು ಕೇಳಬಹುದು. ಪ್ರತಿ ತಾಣದಲ್ಲೂ ತಂಡದ ಎಲ್ಲರೂ ಕಾಣುವಂತೆ ಒಂದು ಚಿತ್ರ ತೆಗೆದುಕೊಂಡು ಮೂರು ಗಂಟೆಯೊಳಗೆ ಮಾಟುಂಗಾ ಮುಟ್ಟಬೇಕು. ಈ ಬಗೆಯ ಆಟವನ್ನು 1989ರಲ್ಲಿ ಟೊರಾಂಟೊ ನಗರದ ಸೈಕಲ್ ಕೊರಿಯರುಗಳು ತಮ್ಮೊಳಗೆ ಆರಂಭಿಸಿದರಂತೆ. 1890ರಿಂದಲೂ ಬಣ್ಣ, ಅಕ್ಷರ, ಅಂಕಿಗಳ ಗುರುತನ್ನೇ ನಂಬಿ ಊಟದ ಡಬ್ಬಿಯನ್ನು ಸರಿಯಾದ ಕಟ್ಟಡದ ಸರಿಯಾದ ಮಹಡಿಗೆ ಮುಟ್ಟಿಸುತ್ತಿರುವ ಮುಂಬಯಿಯ ಡಬ್ಬಾವಾಲಾಗಳಿಗೆ ಇದರಲ್ಲಿ ಹೊಸದೇನೂ ಕಾಣಲಾರದು. ಅವರು ಸ್ಪರ್ಧೆಗೆ ಬಂದಿರಲಿಲ್ಲ. ಬಂದಿದ್ದರೆ ಉಳಿದವರು ಮನೆಯಲ್ಲೇ ಇರಬಹುದಿತ್ತು.

ನಮ್ಮದು ಮೂವರ ತಂಡ: ಗಂಡ, ಹೆಂಡತಿ, ಆರು ವರ್ಷದ ಮಗಳು. ಸೈಕಲ್ ಎರಡು, ಅವಳಿಗೆ ಒಂದರ ಹಿಂಬದಿಯ ಪುಟ್ಟ ಆಸನ, ತಲೆಗೆ ಹೆಲ್ಮೆಟ್. ಇಷ್ಟು ಚಿಕ್ಕ ಮಗುವನ್ನು ಮುಂಬಯಿಯ ರಸ್ತೆಗಿಳಿಸುವುದೇ ಎಂದು ಸಾಯನ್‌ನ ನೆರೆಹೊರೆಯವರು ಕೇಳಿದ್ದು ಅಸಹಜವಲ್ಲ. ಭಾನುವಾರದ ಬೆಳಗಿನ ಆರೂವರೆಗೆ ಫೋರ್ಟ್ ಪ್ರದೇಶ ಬೇರೆಯೇ ಊರಾಗಿರುತ್ತದೆ ಎಂಬುದು ನಮ್ಮ ಭರವಸೆ. ಬೈಕಳಾ ದಾಟಿದ ಮೇಲೆ ಆ ಮಾತು ನಿಲ್ಲುವುದಿಲ್ಲವೆಂಬುದೂ ತಿಳಿದಿತ್ತು.

ಹೊರಟದ್ದು ಹಾರ್ನಿಮನ್ ಸರ್ಕಲ್ಲಿನ ಪಕ್ಕದ ಸೇಂಟ್ ಥಾಮಸ್ ಕೆಥಡ್ರಲ್ ಎದುರಿನಿಂದ. ಆಯ್ಕೆ ಅರ್ಥಪೂರ್ಣವಾಗಿತ್ತು. 1718ರಲ್ಲಿ ಪ್ರಾರ್ಥನೆಗೆ ತೆರೆದ ಈ ಇಗರ್ಜಿಯಿಂದಲೇ ಬ್ರಿಟಿಷರು ಊರಿನ ಮೈಲಿಗಳನ್ನು ಎಣಿಸುತ್ತಿದ್ದರು. ಆ ಕಾಲದ ಮೈಲಿಗಲ್ಲುಗಳಲ್ಲಿ ಕೆಲವು ಇಂದಿಗೂ ರಸ್ತೆಯಂಚಿನಲ್ಲಿ ಉಳಿದಿವೆ. ಕಾಗದ ಬಿಡಿಸಿ ನೋಡಿದರೆ ಸುಳಿವುಗಳಲ್ಲಿ ಹೆಚ್ಚಿನವು ಒಂದೇ ಜಾತಿಯವು. ಬಾಗಿಲಿಲ್ಲದ ಬಾಗಿಲು. ಸವಾರನನ್ನು ಕಳೆದುಕೊಂಡ ಕುದುರೆ. ಕಾಲು ತೊಳೆಯಲು ನೀರಿಲ್ಲದ ಕಡೆ. ಟ್ರಾಮಿಲ್ಲದ ಟ್ರಾಮ್ ನಿಲ್ದಾಣ. ವಸ್ತು ಹೋಗಿ ಹೆಸರಷ್ಟೇ ಉಳಿದ ಜಾಗಗಳನ್ನು ಯಾರೋ ಆಸ್ಥೆಯಿಂದ ಆಯ್ದಿದ್ದರು.

ಬಾಗಿಲು ಸುಲಭದ್ದು. ಇಗರ್ಜಿಯ ಕಡೆಗೆ ತೆರೆಯುತ್ತಿದ್ದ ಕೋಟೆಯ ಚರ್ಚ್‌ಗೇಟ್ ಇದ್ದದ್ದು ಈಗಿನ ಫ್ಲೋರಾ ಫೌಂಟನ್ ಬಳಿ; 1860ರ ದಶಕದಲ್ಲಿ ಕೋಟೆಯ ಗೋಡೆಗಳನ್ನು ಕೆಡವಿದರು, ಹೆಸರು ಮಾತ್ರ ಅಷ್ಟು ದೂರದ ರೈಲು ನಿಲ್ದಾಣಕ್ಕೆ ಹೋಗಿ ನೆಲೆಸಿತು. ಕುದುರೆಯ ಕತೆ ಇನ್ನೂ ಸೊಗಸು. ಏಳನೆಯ ಎಡ್ವರ್ಡನನ್ನು ಹೊತ್ತಿದ್ದ ಕರಿಯ ಕುದುರೆಯ ಪ್ರತಿಮೆಯನ್ನು 1965ರಲ್ಲಿ ಎಬ್ಬಿಸಿ ಬೈಕಳಾದ ರಾಣಿಬಾಗ್‌ಗೆ ಕಳುಹಿಸಿದರು. ಆಮೇಲೆ ಅರ್ಧ ಶತಮಾನ ಕಾಲಾ ಘೋಡಾದಲ್ಲಿ ಘೋಡಾ ಇರಲಿಲ್ಲ. ಬಸ್ಸಿನವರೂ ಟ್ಯಾಕ್ಸಿಯವರೂ ಅದನ್ನು ಕೊರತೆಯೆಂದು ಎಣಿಸಲಿಲ್ಲ. 2017ರಲ್ಲಿ ಅಲ್ಲಿಗೆ ಹೊಸ ಕುದುರೆ ಬಂತು, ರಾಜನಿಲ್ಲದೆ. ಮಗಳು ಅದರ ಬರಿಯ ಬೆನ್ನನ್ನು ದಿಟ್ಟಿಸಿ, “ಇದರ ಮೇಲೆ ಕೂತವರು ತಿಂಡಿಗೆ ಹೋಗಿದ್ದಾರಾ?” ಎಂದಳು. ತಿಂಡಿಯ ಮಾತು ಎಚ್ಚರಿಕೆಯೆಂದು ತಿಳಿದು ಚೀಲದಿಂದ ಒಂದು ಬಾಳೆಹಣ್ಣು ತೆಗೆದುಕೊಟ್ಟೆವು.

ಅಲ್ಲಿಂದ ಉತ್ತರಕ್ಕೆ ತಿರುಗಿದಾಗ ಒಂದು ಸಂಗತಿ ನಿಧಾನವಾಗಿ ಅರಿವಿಗೆ ಬಂತು. ಕಳೆದ ಕಾಲು ಶತಮಾನದಲ್ಲಿ ಈ ನಗರ ಹೆಮ್ಮೆಯಿಂದ ಕಟ್ಟಿಕೊಂಡ ದೊಡ್ಡ ಮಾರ್ಗಗಳಲ್ಲಿ ಹಲವು ಸೈಕಲ್ಲಿಗಿಲ್ಲ. ಬಾಂದ್ರಾ–ವರಳಿ ಸಾಗರ ಸೇತುವೆ ಇಲ್ಲ, ಈಸ್ಟರ್ನ್ ಫ್ರೀವೇ ಇಲ್ಲ, ಕೋಸ್ಟಲ್ ರೋಡೂ ಇಲ್ಲ. ಜೆ.ಜೆ. ಮೇಲ್ಸೇತುವೆ ಕ್ರಾಫರ್ಡ್ ಮಾರ್ಕೆಟ್ಟಿನ ಬಳಿಯಿಂದ ಮಹಮ್ಮದಲಿ ರಸ್ತೆಯ ನೆತ್ತಿಯ ಮೇಲೆ ಸುಮಾರು ಎರಡೂವರೆ ಕಿಲೋಮೀಟರು ಹಾರಿಹೋಗುತ್ತದೆ. ದ್ವಿಚಕ್ರಿಗಳು ಕೆಳಗೇ ಸಾಗಬೇಕು. ಸೈಕಲ್ ಏರಿದವನ ಪಾಲಿಗೆ ಆ ಸೇತುವೆಗಳು ನಕ್ಷೆಯಿಂದಲೇ ಅಳಿಸಿಹೋಗುತ್ತವೆ. ಉಳಿಯುವುದು ಬೋರಿಬಂದರು, ಪಾಯಧುನಿ, ಬೈಕಳಾ, ಲಾಲ್‌ಬಾಗ್, ಪರೇಲ್, ದಾದರ್: ನಮ್ಮ ಹಿಂದಿನವರ ಮುಂಬಯಿ.

ಹಿಂದಿನವರು ಎಂದೆವು, ನಮ್ಮ ಮನೆಯಲ್ಲಿ ಆ ಮುಂಬಯಿಯನ್ನು ಬಲ್ಲವರು ಒಬ್ಬರಿದ್ದಾರೆ. ಮಗಳ ಅಜ್ಜ 1957ರಲ್ಲಿ ಕುಂದಾಪುರದ ಕಡೆಯಿಂದ ಬಂದು ಹಗಲು ಫೋರ್ಟಿನ ಹೋಟೆಲೊಂದರಲ್ಲಿ ಲೋಟ ತೊಳೆದು ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ರಜೆಯ ದಿನ ಮಾಟುಂಗಾದ ನೆಂಟರಲ್ಲಿಗೆ ಹೊರಟರೆ ದಾದರಿನವರೆಗೆ ಟ್ರಾಮು, ಮುಂದೆ ನಡಿಗೆ. ಮುಂಬಯಿಯ ಕೊನೆಯ ಟ್ರಾಮ್ ಬೋರಿಬಂದರಿನಿಂದ ದಾದರಿಗೆ ಓಡಿದ್ದು 1964ರ ಮಾರ್ಚ್ 31ರ ರಾತ್ರಿ. ನಾವು ಬಿಸಿಲೇರುವ ಮುನ್ನ ಸೇರಿಕೊಳ್ಳಬೇಕೆಂದು ತುಳಿಯುತ್ತಿದ್ದುದು ಹೆಚ್ಚುಕಡಿಮೆ ಅದೇ ದಾರಿಯನ್ನು.

ಪಾಯಧುನಿಯಲ್ಲಿ ಮೊದಲ ತೊಡಕು. ದ್ವೀಪಗಳ ನಡುವೆ ಸಮುದ್ರದ ನೀರು ನುಗ್ಗುತ್ತಿದ್ದ ಕಾಲದಲ್ಲಿ ದಾಟಿ ಬಂದವರು ಕಾಲು ತೊಳೆಯುತ್ತಿದ್ದ ಜಾಗವೆಂದು ಅದಕ್ಕೆ ಆ ಹೆಸರು. ಈಗ ಕೈಗಾಡಿಗಳು, ಮೂಟೆಗಳು, ಒಂದರ ಮೈಗೊಂದು ಒತ್ತಿದ ಅಂಗಡಿಗಳು. ಸುಳಿವಿನಲ್ಲಿ ಕೇಳಿದ್ದ ಫಲಕವನ್ನು ಹುಡುಕಿ ನಾವಿಬ್ಬರು ಎರಡು ಸುತ್ತು ಹೊಡೆದೆವು. ಅದನ್ನು ಕಂಡವಳು ಮಗಳು. ಮರಾಠಿಯ ಫಲಕಗಳನ್ನು ಓದುವುದು ಅವಳ ಹೊಸ ಚಟ. ನಾವು ಸಾಲು ಮುಗಿಸುವುದರೊಳಗೆ ಅವಳು ಅಂಗಡಿಗಳ ಹೆಸರು ಒಪ್ಪಿಸಿರುತ್ತಾಳೆ. ಹಿಂದಿನ ಆಸನದಲ್ಲಿ ಕೂತವರಿಗೆ ಬ್ರೇಕಿನ ಚಿಂತೆಯಿಲ್ಲ, ಕಣ್ಣು ಪೂರ್ತಿ ಬಿಡುವಾಗಿರುತ್ತದೆ. ಅಲ್ಲಿಂದ ಮುಂದೆ ಓದುವ ಕೆಲಸ ಅವಳದು, ತುಳಿಯುವ ಕೆಲಸ ನಮ್ಮದು ಎಂದು ತಾನೇ ಹಂಚಿಕೆಯಾಯಿತು.

ಬೈಕಳಾದ ಖಡಾ ಪಾರ್ಸಿಯ ಬಳಿ ಬರುವಾಗ ಗಂಟೆ ಎಂಟೂಕಾಲು. ಹತ್ತೊಂಬತ್ತನೆಯ ಶತಮಾನದ ಪಾರ್ಸಿ ಶ್ರೀಮಂತ ಕರ್ಸೆಟ್‌ಜಿ ಮಾಣೆಕ್‌ಜಿಯವರ ಪ್ರತಿಮೆಯದು. ಎತ್ತರದ ಕಂಬದ ಮೇಲೆ ನಿಂತೇ ಇರುವುದರಿಂದ ಖಡಾ. ಇಂದು ಅವರ ಎರಡೂ ಮಗ್ಗುಲಲ್ಲಿ ಮೇಲ್ಸೇತುವೆಯ ಕವಲುಗಳು. ವಾಹನಗಳು ಇಳಿಜಾರಿನ ವೇಗದಲ್ಲಿ ಬಂದು ಎರಗುತ್ತಿದ್ದವು. ಇದೇ ಪಟ್ಟಿಯಲ್ಲಿ ಅತಿ ಹೆಚ್ಚು ಅಂಕದ ತಾಣ. ಒಬ್ಬರು ಓಡಿಹೋಗಿ ಚಿತ್ರ ತೆಗೆದರೆ ನಡೆಯದು, ಮೂವರೂ ಬೇಕು. ನಮಗಿಂತ ಹಿಂದಿದ್ದ ಎರಡು ತಂಡಗಳು ನಮ್ಮ ಕಣ್ಣೆದುರೇ ದಾಟಿ ಮುಗಿಸಿ ಹೋದವು. ಸೈಕಲ್ ನಿಲ್ಲಿಸಿ ಐದು ನಿಮಿಷ ನಿಂತೆವು. ನಮ್ಮಲ್ಲೊಬ್ಬರಿಗೆ ಎತ್ತಿಕೊಂಡು ದಾಟಬಹುದೆನಿಸಿತು. ಇನ್ನೊಬ್ಬರು ಸೈಕಲ್ಲಿನ ಹಿಡಿಯನ್ನೇ ಬಿಡಲಿಲ್ಲ. ಇಬ್ಬರ ಮಾತೂ ಗಡುಸಾಗತೊಡಗಿತ್ತು. ಆಗ ಮಗಳು, “ಅವರು ನಿಂತೇ ಇರ್ತಾರಲ್ಲ, ಇನ್ನೊಂದು ದಿನ ಬರುವ” ಎಂದಳು. ಮುಂದಕ್ಕೆ ಹೊರಟೆವು.

ಲಾಲ್‌ಬಾಗ್‌ನಿಂದಾಚೆ ಬಿಸಿಲು. ಪರೇಲಿನಲ್ಲಿ ಒಂದು ತಾಣಕ್ಕೆ ದಾರಿ ಕೇಳಿದೆವು. ಮುಂಬಯಿಯಲ್ಲಿ ಯಾರೂ ದಿಕ್ಕು ಹೇಳುವುದಿಲ್ಲ. ಸಿಗ್ನಲ್, ನಾಕಾ, ಇಲ್ಲವೇ ಮುಚ್ಚಿಹೋದ ಗಿರಣಿಯ ಹೆಸರು ಹೇಳುತ್ತಾರೆ. ಹಾಗೆ ಹೇಳಿದ ಗಿರಣಿಯ ಜಾಗದಲ್ಲಿ ಗಾಜಿನ ಗೋಪುರ ನಿಂತಿತ್ತು, ಆದರೂ ದಾರಿ ತಪ್ಪಲಿಲ್ಲ. ದಾದರ್ ಟಿ.ಟಿ.ಯಲ್ಲಿ ಆ ಎರಡು ಅಕ್ಷರಗಳು ಟ್ರಾಮ್ ಟರ್ಮಿನಸ್ ಎಂಬುದರ ಗುರುತೆಂದು ವಿವರಿಸಿದಾಗ ಮಗಳು ಹಳಿ ಹುಡುಕಿದಳು. ಹಳಿ ಇರಲಿಲ್ಲ. ಕೊನೆಯ ತಾಣ ಮಾಟುಂಗಾದಲ್ಲಿ ಮೇಲ್ಸೇತುವೆಯ ಕೆಳಗಿನ ಉದ್ಯಾನ, 2016ರಲ್ಲಿ ತೆರೆದದ್ದು. ನಡೆಯುವ ಹಾದಿಗೆ ಅಲ್ಲಿ ನರ್ಮದೆಯ ಹರಿವಿನ ಆಕಾರ ಕೊಟ್ಟಿದ್ದಾರೆ. ಸೈಕಲ್ಲಿನವರಿಗೆ ಮೇಲ್ಸೇತುವೆಯೊಂದು ಆ ದಿನ ಕೊಟ್ಟದ್ದು ಅಷ್ಟು ನೆರಳು. ಸಮಯ ಮುಗಿಯಲು ಏಳು ನಿಮಿಷವಿತ್ತು. ಹನ್ನೆರಡರಲ್ಲಿ ಒಂಬತ್ತು ತಾಣ; ಇಪ್ಪತ್ತಮೂರು ತಂಡಗಳಲ್ಲಿ ಹದಿನಾರನೆಯ ಸ್ಥಾನ. ಇಡ್ಲಿ ತಿಂದು ಮನೆಗೆ ಹೋದೆವು.

ಮಧ್ಯಾಹ್ನ ಮಗಳು ಆ ಬೆವರಿನ ಕಾಗದವನ್ನು ಅಜ್ಜನ ಮುಂದೆ ಹರಡಿದಳು. ಕುದುರೆಯ ಮೇಲೆ ಯಾರೂ ಇಲ್ಲವೆಂದು ದೂರಿದಳು. “ರಾಜ ಕೂತದ್ದನ್ನೇ ನಾನು ಕಂಡದ್ದು ಮಗಾ” ಎಂದರು ಅಜ್ಜ. ಆಮೇಲೆ ಕನ್ನಡಕ ಹುಡುಕಿ, ಪೆನ್ಸಿಲ್ ತರಿಸಿ, ಬೋರಿಬಂದರಿನಿಂದ ದಾದರಿನವರೆಗೆ ಒಂದು ಗೆರೆ ಎಳೆದರು. ಟ್ರಾಮು ಎಲ್ಲೆಲ್ಲಿ ನಿಲ್ಲುತ್ತಿತ್ತೆಂದು ಒಂದೊಂದಾಗಿ ಚುಕ್ಕೆ ಇಟ್ಟರು. ಫೋರ್ಟಿನಲ್ಲಿ ಗೆರೆಯಿಂದ ಸ್ವಲ್ಪ ಸರಿದು ಇನ್ನೊಂದು ಚುಕ್ಕೆ. ಅದು ಅವರು ಲೋಟ ತೊಳೆಯುತ್ತಿದ್ದ ಹೋಟೆಲು. ಅಲ್ಲಿ ಈಗ ಏನಿದೆ ಎಂದು ಅವಳು ಕೇಳಿದಳು, ಬ್ಯಾಂಕು ಎಂದರು. ಅವಳು ಪೆನ್ಸಿಲ್ ಕಿತ್ತುಕೊಂಡು ಅದರ ಪಕ್ಕದಲ್ಲಿ 13 ಎಂದು ಬರೆದಳು.