ನಿತ್ಯವೆಂಬ ಮಾತಿನ ಪರೀಕ್ಷೆ

ಪ್ರತಿದಿನವೂ ತಪ್ಪದೆ ನಡೆಯತಕ್ಕ ಇಷ್ಟಲಿಂಗಾರ್ಚನೆ ನಿತ್ಯ. ನಿಮಿತ್ತವೊದಗಿದಾಗ ಮಾತ್ರ ನಡೆಯುವ ಗೃಹಪ್ರವೇಶಾದಿ ಕಾರ್ಯಗಳು ನೈಮಿತ್ತಿಕ. ಗಣಿತದ ಕನ್ನಡ ಪಠ್ಯಗಳಲ್ಲಿ ಬರುವ ‘ನಿತ್ಯಸಮೀಕರಣ’ವೆಂಬ ಪದದಲ್ಲಿಯೂ ಇದೇ ವಿವೇಕವು ಅಡಗಿದೆ. ಅರ್ಥವುಳ್ಳ ಪ್ರತಿಯೊಂದು ಕೋನಕ್ಕೂ ಎಡಬಲಗಳು ಸಮನಾದರೆ ಅದು ನಿತ್ಯ. ಕೆಲವು ಕೋನಗಳಿಗೆ ಮಾತ್ರ ಸಮನಾದರೆ ನೈಮಿತ್ತಿಕವೆಂದೇ ತಿಳಿಯಬೇಕು.

ಶ್ರೀಮಠದ ಆಶ್ರಯದ ಪ್ರೌಢಶಾಲೆಯೊಂದರಲ್ಲಿ ಗಣಿತದ ಅಧ್ಯಾಪಕರು ಹತ್ತನೆಯ ತರಗತಿಯ ಮಕ್ಕಳಿಗೆ ಮನೆಗೆಲಸವಾಗಿ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದುಕೊಟ್ಟರು:

(ಸೈನ್ ಎ + ಕೊಸೆಕ್ ಎ)² + (ಕಾಸ್ ಎ + ಸೆಕ್ ಎ)² = 5 + ಟ್ಯಾನ್² ಎ + ಕಾಟ್² ಎ ಎಂದು ಸಾಧಿಸಿರಿ.

ಉಚಿತ ಪ್ರಸಾದನಿಲಯದ ಬಾಲಕನೊಬ್ಬನು ರಾತ್ರಿ ಪ್ರಸಾದವಾದ ಮೇಲೆ ಲೆಕ್ಕಕ್ಕೆ ಕುಳಿತನು. ವರ್ಗಗಳನ್ನು ಬಿಡಿಸಲು ಸೈನ್ ವರ್ಗವೂ ಕಾಸ್ ವರ್ಗವೂ ಕೂಡಿ 1 ಆಯಿತು. ನಡುಪದಗಳೆರಡೂ ಕೂಡಿ 4. ಕೊಸೆಕ್ ವರ್ಗವೆಂದರೆ 1 + ಕಾಟ್ ವರ್ಗ. ಸೆಕ್ ವರ್ಗವೆಂದರೆ 1 + ಟ್ಯಾನ್ ವರ್ಗ. ಸಂಖ್ಯೆಗಳೆಲ್ಲ ಕೂಡಿ 7 ಬಂದಿತು, ಬರಬೇಕಾದುದು 5. ಗುರುಗಳು ಬರೆದುದು ತಪ್ಪಾದೀತೆ? ದೋಷವು ತನ್ನದೇ ಇರಬೇಕೆಂದು ಮೂರು ಸಲ ಮಾಡಿದನು. ಏಳು ಏಳಾಗಿಯೇ ಉಳಿಯಿತು.

ಕೊನೆಗೆ ಅವನು ಕೋನವನ್ನು 45 ಡಿಗ್ರಿಯೆಂದು ಇಟ್ಟು ನೋಡಿದನು. ಸೈನ್ 1/√2, ಕೊಸೆಕ್ √2. ಮೊತ್ತ 3/√2, ಅದರ ವರ್ಗ 9/2. ಕಾಸ್ ಸೆಕ್‌ಗಳದೂ ಅಷ್ಟೇ. ಎಡಭಾಗ 9 ಆಯಿತು. ಬಲಭಾಗವಾದರೋ 5 + 1 + 1, ಅಂದರೆ 7. ಒಂದೇ ಒಂದು ಕೋನದಲ್ಲಿ ಮುರಿದುದು ನಿತ್ಯವಾಗಲಾರದು. ‘ಇದು ಸಮವಾಗುವುದಿಲ್ಲ’ ಎಂದು ಬರೆದು, ಅಳುಕಿನಿಂದಲೇ ಪುಸ್ತಕವನ್ನು ಮುಚ್ಚಿದನು.

ಮರುದಿನ ಬಹುಮಂದಿಯ ಪುಸ್ತಕಗಳು ‘ಸಾಧಿಸಲಾಗಿದೆ’ ಎಂಬ ಮಾತಿನಿಂದ ಮುಗಿದಿದ್ದವು. ಕೊಸೆಕ್ ವರ್ಗವನ್ನೇ ಕಾಟ್ ವರ್ಗವೆಂದೂ ಸೆಕ್ ವರ್ಗವನ್ನೇ ಟ್ಯಾನ್ ವರ್ಗವೆಂದೂ ಬರೆದು, ಎರಡು ಒಂದುಗಳನ್ನು ಸದ್ದಿಲ್ಲದೆ ನುಂಗಿ, ಅವರು ಏಳನ್ನು ಐದಾಗಿಸಿದ್ದರು.

“ನೀನೇಕೆ ಅರ್ಧಕ್ಕೆ ಬಿಟ್ಟೆ, ತಮ್ಮಾ?”

“ಗುರುಗಳೇ, 45 ಡಿಗ್ರಿಗೆ ಎಡಕ್ಕೆ ಒಂಬತ್ತು, ಬಲಕ್ಕೆ ಏಳು ಬರುತ್ತದೆ.”

ಅಧ್ಯಾಪಕರು ಕ್ಷಣಕಾಲ ಸುಮ್ಮನಿದ್ದರು. ಬಳಿಕ ಲೆಕ್ಕವನ್ನು ಮತ್ತೆ ಬರೆದು, 5 ಇದ್ದೆಡೆ 7 ಇಟ್ಟು, “ತಪ್ಪು ನನ್ನದು” ಎಂದರು. ತರಗತಿಯು ನಿಶ್ಶಬ್ದವಾಯಿತು.

ಮತ್ತೊಬ್ಬ ಬಾಲಕನು ಎದ್ದು, ಈಗ 45 ಡಿಗ್ರಿಗೆ ಎರಡೂ ಕಡೆ ಒಂಬತ್ತು ಬರುವುದರಿಂದ ಸಾಧನೆಯು ಮುಗಿದಂತಾಯಿತೇ ಎಂದು ಕೇಳಿದನು. ಅಧ್ಯಾಪಕರು ಉತ್ತರವಾಗಿ ಏಳನೆಯ ಶತಮಾನದ ಮೊದಲನೆಯ ಭಾಸ್ಕರನ ‘ಮಹಾಭಾಸ್ಕರೀಯ’ದ ಸೂತ್ರವೊಂದನ್ನು ಹೇಳಿದರು. ಕೋನವನ್ನು 180ರಲ್ಲಿ ಕಳೆದು, ಶೇಷವನ್ನು ಕೋನದಿಂದಲೇ ಗುಣಿಸಬೇಕು. ಆ ಗುಣಲಬ್ಧದ ನಾಲ್ಮಡಿಯನ್ನು, 40500ರಲ್ಲಿ ಅದೇ ಗುಣಲಬ್ಧವನ್ನು ಕಳೆದುಳಿದ ಸಂಖ್ಯೆಯಿಂದ ಭಾಗಿಸಿದರೆ ಸೈನ್ ಬೆಲೆಯು ದೊರೆಯುವುದು. 30 ಡಿಗ್ರಿಗೆ ಸರಿಯಾಗಿ 1/2. 90 ಡಿಗ್ರಿಗೆ ಸರಿಯಾಗಿ 1. ಆದರೆ 45 ಡಿಗ್ರಿಗೆ 12/17, ಅಂದರೆ 0.7059, ನಿಜವಾದ ಬೆಲೆ 0.7071. ಜ್ಯಾಪಟ್ಟಿಯಿಲ್ಲದೆಯೇ ಇಷ್ಟು ಸಮೀಪಕ್ಕೆ ಒಯ್ಯುವ ಆ ಸೂತ್ರವು ಶ್ಲಾಘ್ಯವೇ ಸರಿ, ಆದರೂ ನಿತ್ಯವಲ್ಲ.

ಕಂದಪದ್ಯದ ಒಂದು ಪಾದದಲ್ಲಿ ಮಾತ್ರೆ ಕುಂದಿದರೆ ಛಂದಸ್ಸು ಕೆಟ್ಟಿತೆನ್ನಲು ಅಷ್ಟೇ ಸಾಕು. ಒಂದು ಪಾದವು ಸರಿಯಿದೆಯೆಂದು ಪದ್ಯವೆಲ್ಲವೂ ಸರಿಯೆನ್ನಲಾಗದು. ಪದ್ಯಕ್ಕೆ ನಾಲ್ಕೇ ಪಾದಗಳು; ಎಣಿಸಿ ಮುಗಿಸಬಹುದು. ಕೋನಗಳಿಗೆ ಎಣಿಕೆಯಿಲ್ಲ. ಆದುದರಿಂದ ಅಲ್ಲಿ ಸತ್ಯವನ್ನು ನಿಲ್ಲಿಸತಕ್ಕದ್ದು ಹಂತಹಂತವಾದ ಸಾಧನೆಯೇ ಹೊರತು ಉದಾಹರಣೆಗಳ ರಾಶಿಯಲ್ಲ.

ಅಂದು ಅಧ್ಯಾಪಕರು ಯಾರನ್ನೂ ದಂಡಿಸಲಿಲ್ಲ. ನುಂಗಿದ ಎರಡು ಒಂದುಗಳನ್ನು ಹಿಂದಿರುಗಿಸಿ ಲೆಕ್ಕವನ್ನು ಮತ್ತೆ ಬರೆದು ತರುವಂತೆ ಮಾತ್ರ ಹೇಳಿದರು. ಬೇಕಾದ ಉತ್ತರಕ್ಕಾಗಿ ಇಂದು ಎರಡು ಒಂದುಗಳನ್ನು ಮರೆಸಿದ ಕೈ, ನಾಳೆ ದಾಸೋಹದ ಜಮಾಖರ್ಚಿನಲ್ಲಿಯೂ ಹಾಗೆಯೇ ಮರೆಸೀತು. ನಡೆ ನುಡಿಗಳು ಒಂದಾಗಬೇಕೆಂದು ಶರಣರು ಕಲಿಸಿದರು. ಅದೂ ಒಂದು ಸಮೀಕರಣವೇ. ಅದು ನಿತ್ಯವೋ ನೈಮಿತ್ತಿಕವೋ ಎಂಬುದು, ತಪ್ಪು ತನ್ನದೆಂದು ಒಪ್ಪಬೇಕಾಗಿ ಬಂದ ದಿನ ತಿಳಿಯುತ್ತದೆ.