ಗುಳಿಗಿ ಅದೇ, ಮೈ ಬ್ಯಾರೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ... ನಮ್ಮ ಜಿಲ್ಲೆಯ ಯಾವ ಊರಿಗೆ ಹೋದರೂ ಹಿರಿಯರಿರುವ ಮನೆಯಲ್ಲಿ ಗುಳಿಗಿ ತುಂಬಿದ ಒಂದು ಕ್ಯಾರಿಬ್ಯಾಗ್ ಮೊಳೆಗೆ ನೇತಾಡುತ್ತಿರುತ್ತದೆ. ಬಿಪಿದು, ಸಕ್ಕರೆದು, ಮೊಣಕಾಲಿಂದು, ನಿದ್ದಿದು. ಕೇಳಿದರೆ, "ಹತ್ತು ವರ್ಷದಿಂದ ಇದನ್ನ ತಗೋತೀನಿ, ಏನೂ ಆಗಿಲ್ಲ" ಅಂತಾರೆ. ಮಾತು ಸುಳ್ಳಲ್ಲ. ಆದರೆ ಆ ಹತ್ತು ವರ್ಷದಲ್ಲಿ ಮೈ ಎಷ್ಟು ಬದಲಾಗಿದೆ ಅಂತ ಯಾರೂ ಲೆಕ್ಕ ಹಾಕಿರುವುದಿಲ್ಲ.

ನನಗೆ ಇದು ಅರ್ಥವಾಗಿದ್ದು ಅವ್ವನಿಂದ. ಯಲಬುರ್ಗಾ ತಾಲೂಕಿನ ನಮ್ಮ ಊರಲ್ಲಿ ಅಪ್ಪ-ಅವ್ವ ಇಬ್ಬರೇ ಇರ್ತಾರೆ, ನಾನು ಬೆಂಗಳೂರಲ್ಲಿ. ಅವ್ವನಿಗೆ 69. ಕಳೆದ ಶ್ರಾವಣದ ಒಂದು ಸೋಮವಾರ ಒಪ್ಪತ್ತು ಮಾಡಿದ್ದಳು. ಮುಂಜಾನೆ ಎಂದಿನಂತೆ ಸಕ್ಕರೆ ಗುಳಿಗಿ ನುಂಗಿದ್ದಳು, ಊಟ ಸಂಜೆಗೆ. ಮಧ್ಯಾಹ್ನ ಅಪ್ಪನ ಫೋನು: "ನಿಮ್ಮವ್ವ ಏನೇನರ ಮಾತಾಡಾಕತ್ತಾಳ, ನನ್ನ ಗುರ್ತಾ ಹಿಡೀವಲ್ಲಳು." ಅರಳು-ಮರಳು ಶುರುವಾಯ್ತೇನೋ ಅಂತ ಅವರು ಗಾಬರಿಯಾಗಿದ್ದರು. ಬಾಜೂ ಮನೆಯವರು ಗ್ಲುಕೋಮೀಟರ್ ತಂದು ನೋಡಿದರೆ ಸಕ್ಕರೆ 46! ನುಂಗುವಷ್ಟು ಎಚ್ಚರ ಇತ್ತು. ಸಕ್ಕರೆ ನೀರು ಕುಡಿಸಿ ಕೊಪ್ಪಳದ ದವಾಖಾನೆಗೆ ಕರೆದೊಯ್ದರು. ಒಮ್ಮೆ ಏರಿದ ಸಕ್ಕರೆ ರಾತ್ರಿ ಮತ್ತೆ ಇಳಿಯಿತು. ನಾನು ತಲುಪಿದಾಗಲೂ ಗ್ಲುಕೋಸ್ ಹಚ್ಚೇ ಇದ್ದರು.

"ಗುಳಿಗಿ ಅದ ಐತ್ರಿ, ಆದ್ರ ನಿಮ್ಮ ತಾಯಾರ ಮೈ ಅದ ಉಳಿದಿಲ್ಲ" ಅಂದರು ಡಾಕ್ಟರು.

ಅವ್ವ ತಗೋತಿದ್ದದ್ದು ಗ್ಲಿಬೆನ್‌ಕ್ಲಮೈಡ್. ಲಿವರ್ ಅದನ್ನು ಒಡೆದ ಮೇಲೂ ಉಳಿಯುವ ಅಂಶಗಳಿಗೆ ಸಕ್ಕರೆ ಇಳಿಸುವ ಗುಣ ಇರುತ್ತದೆ. ಅವುಗಳನ್ನು ಹೊರಹಾಕುವುದರಲ್ಲಿ ಕಿಡ್ನಿಯ ಪಾಲು ದೊಡ್ಡದು. ವಯಸ್ಸಾದಂತೆ ಕಿಡ್ನಿ ಸೋಸುವುದು ಕಡಿಮೆಯಾಗುತ್ತದೆ, ಲಿವರ್‌ಗೆ ಹರಿಯುವ ರಕ್ತವೂ ಕಡಿಮೆಯಾಗುತ್ತದೆ. ಹಾಗಾಗಿ ನಿನ್ನೆಯ ಔಷಧಿ ಪೂರ್ತಿ ಹೋಗುವ ಮೊದಲೇ ಇವತ್ತಿನದು ಬಂದು ಕೂಡುತ್ತದೆ. ವಯಸ್ಸಾದವರಲ್ಲಿ ಸಕ್ಕರೆ ಇಳಿದಾಗ ಕೈ ನಡುಗುವ, ಬೆವರುವ ಲಕ್ಷಣ ಕಾಣದೇ ಬರೀ ಗೊಂದಲದ ಮಾತು ಕಾಣಬಹುದು.

"ಕಿಡ್ನಿ ಟೆಸ್ಟ್ ನಾರ್ಮಲ್ ಇತ್ತಲ್ರಿ?" ಅಂದೆ. ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 1 ಇತ್ತು. ಡಾಕ್ಟರು ಪೆನ್ನು ತಗೊಂಡು 1976ರ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದಲ್ಲಿ ಲೆಕ್ಕ ಮಾಡಿ ತೋರಿಸಿದರು. 30 ವರ್ಷದ, 55 ಕಿಲೋ ತೂಕದ ಹೆಣ್ಣುಮಗಳಿಗೆ ಕ್ರಿಯಾಟಿನಿನ್ 1 ಇದ್ದರೆ ಕಿಡ್ನಿ ನಿಮಿಷಕ್ಕೆ ಸುಮಾರು 71 ಮಿಲಿ ಸೋಸುತ್ತದೆ. 48 ಕಿಲೋ ತೂಕದ ನಮ್ಮವ್ವನಿಗೆ ಅದೇ 1 ಇದ್ದರೂ ಸುಮಾರು 40 ಅಷ್ಟೇ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಮುಪ್ಪಿನಲ್ಲಿ ಸ್ನಾಯು ಕರಗುವುದರಿಂದ ಅಂಕಿ ಚಂದ ಕಾಣುತ್ತದೆ, ಅಷ್ಟೇ.

ನಿದ್ದೆ ಗುಳಿಗೆಯದು ಇನ್ನೊಂದು ಕಥೆ. ವಯಸ್ಸಾದಂತೆ ಮೈಯಲ್ಲಿ ನೀರು ಕಡಿಮೆಯಾಗಿ ಕೊಬ್ಬಿನ ಪಾಲು ಹೆಚ್ಚುತ್ತದೆ. ಡಯಜೆಪಾಮ್‌ನಂಥವು ಕೊಬ್ಬಿನಲ್ಲಿ ಸೇರಿಕೊಂಡು ದಿನಗಟ್ಟಲೆ ಉಳಿಯುತ್ತವೆ. ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಜೋಲಿ ಹೊಡೆದು ಬಿದ್ದರೆ ಸೊಂಟದ ಎಲುಬು ಮುರಿಯುತ್ತದೆ. ಹಿರಿಯರಿಗೆ ಆದಷ್ಟು ಕೊಡಬಾರದ ಔಷಧಿಗಳ ಪಟ್ಟಿಯೊಂದನ್ನು ಅಮೆರಿಕದ ವೈದ್ಯ ಮಾರ್ಕ್ ಬೀರ್ಸ್ 1991ರಲ್ಲೇ ಮಾಡಿದ್ದರು. ಅದು 2023ರಲ್ಲೂ ಪರಿಷ್ಕರಣೆಯಾಗಿದೆ. ಗ್ಲಿಬೆನ್‌ಕ್ಲಮೈಡ್, ಡಯಜೆಪಾಮ್ ಎರಡೂ ಅದರಲ್ಲಿವೆ.

ನಮ್ಮ ಕಡೆಗೆ ಇನ್ನೊಂದು ಗಂಟಿದೆ. ಕುಷ್ಟಗಿ, ಯಲಬುರ್ಗಾ ಭಾಗದ ಬೋರ್‌ವೆಲ್ ನೀರಿನ ಫ್ಲೋರೈಡ್ ಎಲ್ಲರಿಗೂ ಗೊತ್ತಿರುವುದೇ. ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನು ಹಿಡಿಯುತ್ತವೆ. ಬ್ಯಾನಿಗೆ ಅಂಗಡಿಯಿಂದ ಡೈಕ್ಲೋಫೆನಾಕ್. ಅದು ಕಿಡ್ನಿಯ ರಕ್ತ ತಗ್ಗಿಸುತ್ತದೆ. ಜೊತೆಗೆ ಕೆಲವು ಬಗೆಯ ಬಿಪಿ ಗುಳಿಗಿ, ನೀರಿಳಿಸುವ ಗುಳಿಗಿ ಇದ್ದರೆ, ಮೇಲೆ ಏಪ್ರಿಲ್-ಮೇ ಬಿಸಿಲಿಗೆ ಮೈ ಒಣಗಿದ್ದರೆ, ಕಿಡ್ನಿ ದಿಢೀರನೆ ಕೈಕೊಡಬಹುದು.

ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಮೊಳೆಗೆ ನೇತುಹಾಕಿದ ಚೀಲವನ್ನೇ ಡಾಕ್ಟರ ಮುಂದೆ ಸುರಿಯಿರಿ, ಆಯುರ್ವೇದದ ಪುಡಿ, ಅಂಗಡಿಯ ಬ್ಯಾನಿ ಗುಳಿಗಿ ಸಮೇತ. ಇದು ಈಗಲೂ ಬೇಕಾ? ಈ ಕಿಡ್ನಿಗೆ ಈ ಡೋಸ್ ಸರಿಯಾ? ಉಪವಾಸದ ದಿನ, ವಾಂತಿ-ಭೇದಿ ಆದ ದಿನ ಏನು ಮಾಡಬೇಕು? ಮೂರನ್ನೂ ಕೇಳಿ ಬರೆದುಕೊಳ್ಳಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಬಿಪಿ, ಹೃದಯ, ಫಿಟ್ಸಿನ ಔಷಧಿ ತಟ್ಟನೆ ಬಿಟ್ಟರೂ ಅಪಾಯ.

ಅವ್ವನ ಗುಳಿಗಿ ಈಗ ಬದಲಾಗಿದೆ. ದೂರದಲ್ಲಿರುವ ನಾವೆಲ್ಲ ದಿನಾ ಫೋನ್ ಮಾಡಿ "ಗುಳಿಗಿ ತಗೊಂಡ್ಯಾ?" ಅಂತ ಕೇಳ್ತೀವಿ. ನಾನೀಗ ಇನ್ನೊಂದು ಮಾತು ಸೇರಿಸಿದ್ದೇನೆ: "ತಗೊಂಡ ಮ್ಯಾಲ ಹೆಂಗ ಅನಸ್ತೈತಿ ಬೇ ಯವ್ವಾ?"